ಕಾಡಪ್ಪನ ಶಾಶ್ವತ ಹುಗ್ಗಿ

ಸವದತ್ತಿಯ ನಮ್ಮ ಓಣಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಕಾಡಪ್ಪ ಮಹಾಶೂರ. ಅರವತ್ತೆರಡು ವರ್ಷ ಬಾಳಿ ಒಬ್ಬ ಅತಿಥಿಗೂ ಊಟ ಹಾಕದೆ ಗೆದ್ದವನು. ಯಾರು ಹೊಸ್ತಿಲು ತುಳಿದರೂ ಅವನ ಬಾಣ ಒಂದೇ: "ಊಟಾ ಮಾಡ್ಕೊಂಡ ಬಂದಿರಬೇಕಲ್ರೀ?" ಹಸಿದು ಬಂದವರೂ ನಾಚಿ ಹೂಂ ಅನ್ನುತ್ತಿದ್ದರು. ೧೯೯೧ರಲ್ಲಿ ಕಾಡಪ್ಪ ಸತ್ತ. 'ಜುಗ್ಗ ಕಾಡಪ್ಪ' ಎಂಬ ಬಿರುದು ಸಾಯಲಿಲ್ಲ.

ಅದನ್ನು ಕೊಲ್ಲಲು ಅವನ ಹೆಂಡತಿ ರಾಚವ್ವ ಪಣ ತೊಟ್ಟಳು. ಎರಡು ಎಮ್ಮೆ, ಕೈಯೊಳಗಿನ ಬಿಲ್ವಾರದ ಬಳೆ ಮಾರಿ ಹತ್ತು ಸಾವಿರ ರೂಪಾಯಿಯನ್ನು ಓಣಿಯ ಬಸವಣ್ಣನ ಗುಡಿಗೆ ಶಾಶ್ವತ ಠೇವಣಿಯಾಗಿ ಕೊಟ್ಟಳು. ಅಸಲು ಬ್ಯಾಂಕಿನಲ್ಲಿ ಇರಬೇಕು, ಯಾರೂ ಮುಟ್ಟಬಾರದು. ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಕಾಡಪ್ಪನ ಪುಣ್ಯತಿಥಿಗೆ ಪ್ರಸಾದ. 'ಆಚಂದ್ರಾರ್ಕ' ಎಂದು ಕಲ್ಲಿನಲ್ಲಿ ಕೆತ್ತಿಸಿ ಗೋಡೆಗೆ ಕೂಡಿಸಿದರು. ಚಂದ್ರಸೂರ್ಯರು ಸಾಕ್ಷಿಯಾದರು, ಬಡ್ಡಿದರದ ಬಗ್ಗೆ ಅವರನ್ನು ಯಾರೂ ಕೇಳಲಿಲ್ಲ.

ಮೊದಲ ವರ್ಷ ಸಾವಿರದ ಮುನ್ನೂರು ಬಡ್ಡಿ ಬಂತು. ನೂರು ಮಂದಿಗೆ ಗೋಧಿಹುಗ್ಗಿ, ಮೇಲೆ ತುಪ್ಪ. ಹಮಾಲ ಶಟ್ಟೆಪ್ಪ ನಾಲ್ಕು ಸಲ ಹಾಕಿಸಿಕೊಂಡು ತೇಗಿದ: "ಕಾಡಪ್ಪ ಧರ್ಮಾತ್ಮ ಬಿಡ್ರಿ!" ಕಂಬದ ಮರೆಯಲ್ಲಿ ನಿಂತ ರಾಚವ್ವ ಕಣ್ಣೊರೆಸಿಕೊಂಡಳು.

ಆಮೇಲೆ ಯುದ್ಧ ತಿರುಗಿತು. ಗೋಧಿ, ಬೆಲ್ಲ ಏರುತ್ತ ಹೋದವು, ಬಡ್ಡಿ ಇಳಿಯುತ್ತ ಬಂತು. ಮೊದಲು ತುಪ್ಪ ವೀರಸ್ವರ್ಗ ಸೇರಿತು, ಅದರ ಹಿಂದೆ ಹುಗ್ಗಿ. ಕೆಲವು ವರ್ಷ ಅನ್ನ-ಸಾರು ಕೋಟೆ ಕಾದವು. ೨೦೦೪ರಲ್ಲಿ ಪೂಜಾರಿ ಬಸಯ್ಯ, ಬಡ್ಡಿ ಇನ್ನೂ ಇಳಿದೀತೆಂದು ಹೆದರಿ, ಠೇವಣಿಯನ್ನು ಐದು ವರ್ಷಕ್ಕೆ ಕಟ್ಟಿಹಾಕಿದ. ವರ್ಷಕ್ಕೆ ಐದುನೂರೈವತ್ತು. ಅದರಲ್ಲಿ ಹೂ, ಎಣ್ಣೆ, ದಕ್ಷಿಣೆ ಕಳೆದರೆ ಉಳಿಯುತ್ತಿದ್ದದ್ದು ಚುರುಮುರಿಯ ದುಡ್ಡು.

ಅವಧಿ ಮುಗಿದ ದಿನವೇ ರಾಚವ್ವ ಗುಡಿಗೆ ಬಂದಳು.

"ಅಯ್ಯಾರ, ಅಸಲಾ ತಗೀರಿ. ಒಂದ ವರ್ಷರ ಮಂದಿಗಿ ಹೊಟ್ಟಿತುಂಬ ಹುಗ್ಗಿ ಹಾಕೂಣು."

"ಹೆಂಗ ಆಕ್ಕೈತಿ ಯವ್ವಾ? ಆಚಂದ್ರಾರ್ಕ ಅಂತ ಕಲ್ಲಾಗ ನೀನ ಕೆತ್ತಿಸೀದಿ. ಸೂರ್ಯಾ ಇನ್ನೂ ಹುಟ್ಟಾಕ ಹತ್ತ್ಯಾನಲಾ!"

"ಸೂರ್ಯಾಂದೇನ್ರಿ. ಅವಗ ಗೋಧಿ ತರೂದ ಐತೇನು?"

ಬಸಯ್ಯ ನಕ್ಕ. ಅಸಲು ಮಾತ್ರ ಅಲುಗಲಿಲ್ಲ.

ಆ ವರ್ಷದ ಪುಣ್ಯತಿಥಿಗೆ ಚುರುಮುರಿಯೂ ಶಸ್ತ್ರ ಕೆಳಗಿಟ್ಟಿತು. ಬಸಯ್ಯ ಸಾಲಿನಲ್ಲಿ ನಿಂತವರ ಅಂಗೈಗೆ ಒಂದೊಂದು ಚಿಟಿಕೆ ಸಕ್ಕರೆ ಉದುರಿಸಿದ. "ಕಾಡಪ್ಪನವರ ಹೆಸರಿಲೆ, ತಗೋರಿ." ಈಗ ಮುದುಕನಾಗಿದ್ದ ಶಟ್ಟೆಪ್ಪ ಅಂಗೈ ನೋಡಿದ, ಗೋಡೆಯ ಕಲ್ಲು ನೋಡಿದ. ಭಕ್ತಿಯಿಂದ ಕಲ್ಲಿಗೆ ತಲೆಬಾಗಿ ಹೇಳಿದ:

"ಊಟಾ ಮಾಡ್ಕೊಂಡ ಬಂದೇನ್ರೀ, ಕಾಡಪ್ಪನವರ!"

ಗುಡಿ ಗೊಳ್ಳೆಂದಿತು. ಬಸಯ್ಯನಿಗೂ ನಗು ತಡೆಯಲಾಗಲಿಲ್ಲ.

ರಾಚವ್ವ ತನ್ನ ಪಾಲಿನ ಸಕ್ಕರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಹೋದಳು. ಸಂಜೆ ಅದನ್ನೇ ಚಹಕ್ಕೆ ಹಾಕಿದಳು. ಮನೆಯ ಡಬ್ಬಿಯಲ್ಲಿ ಸಕ್ಕರೆ ಇರಲಿಲ್ಲ.