ಪ್ಲಾಸ್ಟಿಕ್ ರಕ್ಕಸನ ಮುಖವರ್ಣಿಕೆ

ಕಳೆದ ವಾರ ಗೆದ್ದಲು ಹಿಡಿದ ಕಪಾಟನ್ನು ಖಾಲಿ ಮಾಡುವಾಗ ಹಳೆಯ ರಟ್ಟಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆರೆದರೆ ಪ್ಲಾಸ್ಟಿಕ್ ಅಂಟಿನ ಘಾಟು, ಇಷ್ಟು ವರ್ಷವಾದರೂ ಹೋಗಿಲ್ಲ. ಒಳಗೆ ನನ್ನ ರಕ್ಕಸ ಮಲಗಿದ್ದ. ಸಮುದ್ರದಿಂದೆದ್ದು ಬಂದು ಊರು ತುಳಿಯುವ ಸಿನಿಮಾ ದೈತ್ಯ. ಎತ್ತರ ಒಂದೂವರೆ ಗೇಣು. ನಿಮ್ಮ ಮನೆಯ ಕಪಾಟಿನಲ್ಲೂ ಎಸೆಯಲಾಗದ, ಎದುರಿಗಿಡಲೂ ಆಗದ ಇಂಥದ್ದೊಂದು ಇರಬಹುದು. ನನ್ನದಕ್ಕೆ ಕಾರಣವಿದೆ, ಹೇಳುತ್ತೇನೆ.

ನಾನಾಗ ಕುಂದಾಪುರದಲ್ಲಿ ಬಿ.ಕಾಂ. ಓದುತ್ತಿದ್ದೆ, ತೊಂಬತ್ತೊಂಬತ್ತನೇ ಇಸವಿ ಇರಬೇಕು. ಮುಂಬೈಯ ಹೋಟೆಲಿನಲ್ಲಿದ್ದ ಸೋದರಮಾವ ಊರಿಗೆ ಬರುವಾಗ ಈ ಡಬ್ಬಿ ತಂದರು. ಒಳಗೆ ಬೂದು ಪ್ಲಾಸ್ಟಿಕ್ಕಿನ ಬಿಡಿ ತುಂಡುಗಳು, ಜೋಡಿಸುವ ವಿವರಣೆಯೆಲ್ಲ ಜಪಾನಿ ಭಾಷೆಯಲ್ಲಿ. ತುಂಡುಗಳನ್ನು ಅಕ್ಕನ ಉಗುರು ಉಜ್ಜುವ ಅರದಿಂದ ನಯಮಾಡಿ ಒಂದೊಂದಾಗಿ ಅಂಟಿಸಿದೆ. ಬಲಗೈ ತಿರುವುಮುರುವಾಗಿದೆ ಎಂದು ಗೊತ್ತಾಗುವ ಹೊತ್ತಿಗೆ ಅಂಟು ಒಣಗಿತ್ತು. ಹಾಗಾಗಿ ನನ್ನ ರಕ್ಕಸ ಒಂದು ಕೈಯಲ್ಲಿ ಊರನ್ನು ಹೆದರಿಸುತ್ತ, ಇನ್ನೊಂದರಲ್ಲಿ ಬೆನ್ನು ತುರಿಸಿಕೊಳ್ಳುತ್ತ ನಿಂತ. ಆದರೂ ಕಾಲೇಜಿನ ಹವ್ಯಾಸ ಪ್ರದರ್ಶನದಲ್ಲಿ ಇವನನ್ನಿಟ್ಟು ಮೆರೆಯಬೇಕೆಂಬ ಆಸೆ ನನಗೆ. ಬಣ್ಣ ಬಳಿಯುವುದೊಂದೇ ಬಾಕಿ.

ಕೋಟೇಶ್ವರದ ನಮ್ಮ ಮನೆಯಲ್ಲಿ ದೊಡ್ಡಪ್ಪ ಇದ್ದರು. ಯಕ್ಷಗಾನ ಮೇಳದಲ್ಲಿ ಮೂವತ್ತು ವರ್ಷ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡಿದವರು. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುವ ಚಿಟ್ಟಿಗೆ ಅವರ ಕೈ ಹೆಸರುವಾಸಿ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಸುಣ್ಣ ಮುಖದ ಹತ್ತಿರ ಸುಳಿಯಬಾರದೆಂದು ವೈದ್ಯರು ಹೇಳಿದರು. ಅಲ್ಲಿಗೆ ಮೇಳ ಬಿಟ್ಟರು. ಎರಡು ವರ್ಷದಿಂದ ಯಾರಾದರೂ ಯಕ್ಷಗಾನ ಆಟದ ಸುದ್ದಿಯೆತ್ತಿದರೆ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ಬಣ್ಣದ ಪೆಟ್ಟಿಗೆ ಅಟ್ಟ ಸೇರಿತ್ತು. ರೇಡಿಯೋದಲ್ಲಿ ಚೆಂಡೆ ಕೇಳಿದರೆ ಅಮ್ಮ ಓಡಿಬಂದು ಕಿವಿ ತಿರುವುತ್ತಿದ್ದರು, ರೇಡಿಯೋದ್ದು.

ಅಂಥ ದೊಡ್ಡಪ್ಪ ಒಂದು ಬೆಳಿಗ್ಗೆ ರಕ್ಕಸನೆದುರು ಕುಕ್ಕರಗಾಲಲ್ಲಿ ಕುಳಿತರು.

"ಇದ್ ಗಂಡಾ, ಹೆಣ್ಣಾ?"

"ಗೊತ್ತಿಲ್ಲೆ ದೊಡ್ಡಪ್ಪ."

"ಎಂತಕ್ ಸಿಟ್ಟ್ ಇದ್ಕೆ? ಇದ್ರ್ ಅಣ್ಣನ್ನ ಯಾರಾರೂ ಕೊಂದ್ರಾ?"

"ಯಾರೂ ಕೊಲ್ಲಲಿಲ್ಲೆ. ಸುಮ್ನೆ ಸಮುದ್ರದಿಂದ ಬತ್ತ್, ಪ್ಯಾಟಿ ಹುಡಿ ಮಾಡಿ ಹೋತ್ತ್."

"ಸುಮ್ನೆ ಬಪ್ಪುಕಾತ್ತಾ ಮಾರಾಯ?" ಎಂದು ತಲೆಯಾಡಿಸಿದರು. ಕಾರಣವಿಲ್ಲದೆ ರಂಗಸ್ಥಳಕ್ಕೆ ಬರುವ ರಾಕ್ಷಸನನ್ನು ಅವರು ಕಂಡೇ ಇರಲಿಲ್ಲ. ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟೆ.

ಸಂಜೆ ಬಂದರೆ ಅಟ್ಟದ ಪೆಟ್ಟಿಗೆ ಜಗಲಿಯಲ್ಲಿ ತೆರೆದಿತ್ತು. ನಿಂಬೆಹಣ್ಣಿನಷ್ಟು ದೊಡ್ಡ ಆ ಮುಖದ ಮೇಲೆ ಕೆಂಪು, ಕಪ್ಪು. ಹುಬ್ಬಿನಿಂದ ಗಲ್ಲದವರೆಗೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕಿಗಳ ಸಾಲು. ದೊಡ್ಡಪ್ಪನ ಕಣ್ಣಿನಲ್ಲಿ ನೀರಿಳಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಅಂದಾಜಿಗೆ ಗಂಡ್ ಮಾಡ್ದೆ. ಹ್ಯಾಂಗಿತ್ತ್?"

ಓದುಗರೇ, ನಾನಾಗ ಹೇಳಿದ್ದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ. "ಡಬ್ಬಿ ಮೇಲೆ ಹೀಂಗಿಲ್ಲೆ! ಕಾಲೇಜಂಗೆ ಎಲ್ಲರೂ ನಗಾಡ್ತ್ರ್," ಎಂದು ಕಿರುಚಿ, ಸೇಫ್ಟಿ ಪಿನ್ನಿನಿಂದ ಚಿಟ್ಟಿ ಕೆರೆಯತೊಡಗಿದೆ.

ದೊಡ್ಡಪ್ಪ ಬೈಯಲಿಲ್ಲ. ನನ್ನ ಕೈ ಹಿಡಿದು, "ಕೆರಿಬೇಡ, ಚರ್ಮ ಕಿತ್ತ್ ಹೋತ್ತ್. ಎಣ್ಣಿ ಹಾಕ್," ಎಂದರು. ತಾವೇ ಎದ್ದು ತೆಂಗಿನೆಣ್ಣೆ, ಹಳೇ ಪಂಚೆಯ ತುಂಡು ತಂದುಕೊಟ್ಟರು. ಎಣ್ಣೆ ಎಷ್ಟು ಬೇಕು, ಯಾವ ಕಡೆಯಿಂದ ಒರೆಸಬೇಕು ಎಂದೂ ತೋರಿಸಿದರು. "ಚೌಕಿಯಂಗೂ ಬೆಳ್ಗಾತ ಒರ್ಸುದೇ ಅಲ್ದಾ," ಎಂದವರು ಪೆಟ್ಟಿಗೆ ಮುಚ್ಚಿದರು. ಚೌಕಿ ಎಂದರೆ ವೇಷ ಕಟ್ಟುವ ಜಾಗ.

ಡಬ್ಬಿಯ ಚಿತ್ರದಂತೆ ಬೂದು ಹಸಿರು ಬಳಿದು ಪ್ರದರ್ಶನದಲ್ಲಿಟ್ಟೆ. ಯಾರೂ ನಗಲಿಲ್ಲ. ಯಾರೂ ನೋಡಲೂ ಇಲ್ಲ. ದೊಡ್ಡಪ್ಪ ಆಮೇಲೆ ಏಳು ವರ್ಷ ಬದುಕಿದ್ದರು, ಪೆಟ್ಟಿಗೆಯನ್ನು ಮತ್ತೆ ಇಳಿಸಲಿಲ್ಲ. ತಪ್ಪಾಯಿತು ಎನ್ನಲು ನನಗೆ ಏಳು ವರ್ಷ ಸಾಕಾಗಲಿಲ್ಲ.

ಈಗ ನಮ್ಮ ವಾಸ ಬ್ರಹ್ಮಾವರದಲ್ಲಿ. ಮೊನ್ನೆ ಭಾನುವಾರ ಅಕ್ಕಿ ನೆನೆಹಾಕಿ ನುಣ್ಣಗೆ ಅರೆದು, ಎಲೆಯಡಿಕೆ ಅಂಗಡಿಯಿಂದ ಸುಣ್ಣ ತಂದು, ತೆಂಗಿನಗರಿಯ ಕಡ್ಡಿ ಹಿಡಿದು ರಕ್ಕಸನೆದುರು ಕುಳಿತೆ. ಒಂದು ಚುಕ್ಕಿ ಇಟ್ಟರೆ ಪಕ್ಕದ್ದಕ್ಕೆ ಕೂಡಿಕೊಳ್ಳುತ್ತದೆ. ಒಣಗಿದ್ದು ಉದುರುತ್ತದೆ. ಕನ್ನಡಕ ಹಾಕಿ, ಉಸಿರು ಬಿಗಿಹಿಡಿದು ಮೂರು ಗಂಟೆ ಹೆಣಗಿದರೆ ಮುಗಿದದ್ದು ಒಂದು ಹುಬ್ಬು, ಅದೂ ಸೊಟ್ಟ. ದೊಡ್ಡಪ್ಪ ನೀರು ಸುರಿಯುವ ಕಣ್ಣಿನಲ್ಲಿ, ವೈದ್ಯರ ಮಾತು ಮೀರಿ, ಇಡೀ ಮುಖ ಬರೆದಿದ್ದರು. ನಾನು ಅದನ್ನು ಐದು ನಿಮಿಷದಲ್ಲಿ ಒರೆಸಿದ್ದೆ. ಕಡ್ಡಿ ಕೆಳಗಿಟ್ಟೆ. ಸ್ವಲ್ಪ ಹೊತ್ತು ಅತ್ತೆ.

ಹೆಂಡತಿ ಒಳಗಿನಿಂದ ಬಂದಳು. "ಹ್ವಾಯ್, ಊಟಕ್ ಬತ್ರ್ಯಾ ಇಲ್ಯಾ?" ಎಂದವಳು ಬಗ್ಗಿ ಆ ಸೊಟ್ಟ ಹುಬ್ಬನ್ನೇ ನೋಡಿದಳು. "ಇದ್ ಯಾರ್ ವೇಷ?"

"ದೊಡ್ಡಪ್ಪಂದ್," ಎಂದೆ.