ಸೋಮವಾರದ ಕಾಕಾ

ಕಾಕಾನ ದನಿ ಅಳಿಸಿದಾಂವ ನಾನ. ಬ್ಯಾರೇದವರ ಮ್ಯಾಲ ಹಾಕೂಣಂದ್ರ ಅಲ್ಲಿ ಯಾರೂ ಇದ್ದಿಲ್ಲ.

ಬೈಲಹೊಂಗಲದಾಗ ನಮ್ಮದು ಸಣ್ಣ ಆಫೀಸು. ರೈತರು ಫೋನ್ ಹಚ್ಚಿದ್ರ ಸವದತ್ತಿ, ರಾಮದುರ್ಗ ಕಡೆ ಮಳಿ ಹೆಂಗೈತಿ ಅಂತ ಮಷೀನು ಹೇಳತೈತಿ. ಸೋಮವಾರ ಮಾತ್ರ ಮುರಗೋಡದ ನಮ್ಮ ಕಾಕಾನ ದನಿ ಬರತಿತ್ತು: "ಇವತ್ತ ಬಸವಣ್ಣನ ವಾರರಿ, ಎತ್ತ ಹೂಡಬ್ಯಾಡ್ರಿ. ಮಳಿ ಸುದ್ದಿ ನಾಳೆ ಕೇಳ್ರಿ, ಈಗ ಚಾ ಕುಡೀರಿ." ಚ್ಯಾಷ್ಟಿಗೆ ರೆಕಾರ್ಡ್ ಮಾಡಿ, ನಡಿಯೂ ಕಂಟೇನರಿನೊಳಗ ನೆಟ್ಟಗ ತುರುಕಿದ್ದೆ. ಕಂಟೇನರ್ ಅಂದ್ರ ಪ್ರೋಗ್ರಾಮನ್ನ ಸಾಮಾನು ಸಮೇತ ಕಟ್ಟಿದ ಗಂಟು. ಉಳೀಬೇಕಾದ್ದನ್ನ ಹೊರಗಿನ ಸ್ಟೋರೇಜಿನಾಗ ಇಡಬೇಕು, ಗಂಟು ಹೋದ್ರ ಒಳಗಿಂದೂ ಹೋಗತೈತಿ. ಹೊಸಬರಿಗೆ ಈ ಪಾಠ ಹೇಳಾಂವನೂ ನಾನ!

ಮುಂದ ಕಾಕಾ ತೀರಿಕೊಂಡ, ಕಾಕು ನಮ್ಮ ಮನಿಗೆ ಬಂದಳು. ಸೋಮವಾರ ಆಕಿದು ಒಪ್ಪತ್ತು, ಸಂಜಿ ದೀಪ ಹಚ್ಚೂತನಕ ಏನೂ ತಿನ್ನಾಕಿ ಅಲ್ಲ. ಜಳಕಾ ಮಾಡಿ, ಆ ನಂಬರಿಗೆ ಫೋನ್ ಹಚ್ಚಿ, ಗಂಡನ ಮಾತು ಕೇಳಿ, "ಚಾ ಅಂತ ಚಾ!" ಅಂತ ಬೈದು ಇಡತಿದ್ದಳು.

ಈ ವರ್ಷ ಕಂಟೇನರ್ ನಡಸೂ ಪ್ಲಾಟ್‌ಫಾರ್ಮಿನ ಹಳೇ ವರ್ಷನ್ ಬಂದ್ ಆತು. ಅದನ್ನ ಇದ್ದಲ್ಲೇ ಹೊಸದು ಮಾಡಾಕ ಬರೂದಿಲ್ಲ. ಮಗ್ಗಲಕ್ಕ ಹೊಸದು ಕಟ್ಟಿ, ಒಂದೊಂದ ಪ್ರೋಗ್ರಾಮ್ ಸಾಗಿಸಬೇಕು. ಸ್ಟೋರೇಜಿನಾಗ ಇದ್ದದ್ದಷ್ಟ ಬರತೈತಿ. ಸೋಮವಾರ ಎತ್ತು ಹೂಡೂದಿಲ್ಲ, ಫೋನ್ ಕಡಿಮಿ. ಅದಕ್ಕ 'ಈ ಸೋಮವಾರ ಫೋನ್ ಹತ್ತೂದಿಲ್ಲ' ಅಂತ ಕಾಕುಗ ಮೊದಲ ಹೇಳಿ, ಅವತ್ತ ಸರ್ವಿಸ್ ನಿಲ್ಲಿಸಿ ಸಾಗಿಸಿದೆ. ಮಂಗಳವಾರದಿಂದ ಶನಿವಾರದ ತನಕ ತಪಾಸ ಮಾಡಿದೆ, ಎಲ್ಲಾ ಬರೋಬ್ಬರಿ. ಎದಿ ಉಬ್ಬಿಸಿ ಹಳೇದನ್ನ ಅಳಿಸಿದೆ. ಹೊಸದು ಸೋಮವಾರ ಏನ ಹೇಳತೈತಿ ಅಂತ ಕೇಳೇ ಇರಲಿಲ್ಲ. ಥೂ ನನ್ನ ಶಾಣ್ಯಾತನಕ್ಕ! ರೆಕಾರ್ಡ್ ಮಾಡಿದ ಮೊಬೈಲು ಯಾವಾಗೋ ಹಾಳಾಗಿ ಹೋಗಿತ್ತು.

ಮುಂದಿನ ಸೋಮವಾರ ಮುಂಜಾನೆ ಕಾಕು ಫೋನ್ ಹಿಡಕೊಂಡು ಅಡಗಿಮನಿಯಿಂದ ಬಂದಳು.

"ತಮ್ಮಾ, ಇದು ಮಳಿ ಸುದ್ದಿ ಹೇಳಾಕ ಹತ್ತೈತಲ್ಲೋ. ಇವತ್ತ ಸೋಮವಾರ ಅಲ್ಲೇನು?"

ಕಾಕಾ ಹೋದ ಅಂತ ಆಕಿಗೆ ಎರಡನೇ ಸಲ ಹೇಳೂ ಧೈರ್ಯ ನನಗ ಬರಲಿಲ್ಲ.

"ಇಲ್ಲ ಕಾಕು, ಮಂಗಳವಾರ."

"ಅಯ್ಯ ನನ್ನ ಮರಿವ! ಹಂಗಾರ ನಿನ್ನಿ ಒಪ್ಪತ್ತು ತಪ್ಪಿತಲ್ಲೋ!" ಅಂತ ಗಲ್ಲ ಬಡಕೊಂಡಳು. ಆಮ್ಯಾಲ ಬಿಸಿ ರೊಟ್ಟಿ ಹಾಕ್ಕೊಂಡು ನನ್ನ ಮುಂದ ಕುಂತು ತುತ್ತ ಮುರದಳು. ತಡೀಬೇಕಂತ ಕೈ ಚಾಚಿದೆ. ಚಟ್ನಿ ಬೇಕಾಗಿರಬೇಕು ಅಂತ ತಿಳದು, ಬಟ್ಟಲ ನನ್ನ ಕಡೆ ಸರಿಸಿದಳು.