ಕೈ ಹೊರಗೆ, ಆಮೇಲೆ ಕಾಲು

ರಕ್ತದ ಮೇಲೆ ಮರದ ಹೊಟ್ಟು ಸುರಿದರೆ ಅದು ಮೊದಲು ನೆನೆದ ಅವಲಕ್ಕಿಯಂತೆ ಉಬ್ಬುತ್ತದೆ, ಆಮೇಲೆ ಕಪ್ಪಾಗಿ ಗಂಟು ಕಟ್ಟುತ್ತದೆ. ನಾಚಾರಂನ ಆ ಕಾರ್ಖಾನೆಯಲ್ಲಿ ಹೊಟ್ಟಿನ ಚೀಲ ಯಾವಾಗಲೂ ಪ್ರೆಸ್ ಯಂತ್ರಗಳ ಪಕ್ಕದಲ್ಲೇ ಇರುತ್ತಿತ್ತು. ಎಣ್ಣೆ ಚೆಲ್ಲಿದರೂ ಅದೇ, ರಕ್ತ ಚೆಲ್ಲಿದರೂ ಅದೇ.

ಅಲ್ಲಿ ತಗಡಿನ ಡಬ್ಬಿಗಳಿಗೆ ಮುಚ್ಚಳ ಮಾಡುತ್ತಿದ್ದರು. ಮಾಲೆಲ್ಲ ಬೇಗಂ ಬಜಾರಿನ ಅಂಗಡಿಗಳಿಗೆ ಹೋಗುತ್ತಿತ್ತು. ನಾನು ಆಫೀಸಿನಲ್ಲಿ ಹಾಜರಿ, ರಜೆ, ಹೊಸಬರ ಸೇರ್ಪಡೆ ನೋಡಿಕೊಳ್ಳುತ್ತಿದ್ದೆ. ಯಾರಿಗಾದರೂ ಗಾಯವಾದರೆ ಆಸ್ಪತ್ರೆಗೆ ಜೊತೆ ಹೋಗುವುದೂ ನನ್ನ ಪಾಲಿನ ಕೆಲಸವೇ. ಒಂದು ಸಲ ರಾಯಚೂರು ಕಡೆಯವನೊಬ್ಬನ ಬಲಗೈಯ ಎರಡು ಬೆರಳು ಪ್ರೆಸ್ಸಿಗೆ ಸಿಕ್ಕಿ ಹೋದವು. ಯಾರೋ ನನ್ನ ಊಟದ ಡಬ್ಬಿಯನ್ನೇ ತೆಗೆದು, ರೊಟ್ಟಿ ಪಲ್ಯವನ್ನು ಪೇಪರಿನ ಮೇಲೆ ಸುರಿದು, ಬೆರಳುಗಳನ್ನು ಅದರಲ್ಲಿ ಹಾಕಿ ಕೊಟ್ಟರು. ಆಟೋದಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ರಸ್ತೆಯ ಒಂದೊಂದು ಗುಂಡಿಗೂ ಒಳಗೆ ಟಕ್ ಎನ್ನುತ್ತಿತ್ತು. ಡಾಕ್ಟರು ಮುಚ್ಚಳ ತೆಗೆದು ನೋಡಿದರು, ಆಗುವುದಿಲ್ಲವೆಂದು ತಲೆಯಾಡಿಸಿದರು, ಮತ್ತೆ ಮುಚ್ಚಿದರು.

ಅವನ ಜಾಗಕ್ಕೆ ಅವನ ಹೆಂಡತಿಯನ್ನು ತೆಗೆದುಕೊಂಡರು. ಪೆಟ್ಟಾದವನ ಮನೆಯವರಿಗೆ ಅದೇ ಯಂತ್ರ ಕೊಡುವುದು ಅಲ್ಲಿಯ ರೂಢಿ, ಅದನ್ನು ಎಲ್ಲರೂ ಉಪಕಾರವೆಂದೇ ತಿಳಿದಿದ್ದರು. ಆ ಮನೆಯಲ್ಲಿ ದುಡಿಯುವುದಕ್ಕೆ ಇನ್ನು ಉಳಿದಿದ್ದ ಪೂರ್ತಿ ಕೈಗಳೆಂದರೆ ಅವಳವೇ.

ಈ ಕೆಲಸಗಾರರಿಗೆ ಯಂತ್ರ ಗೊತ್ತಿಲ್ಲ, ಒಂದು ದಿನ ಕೂರಿಸಿ ಪಾಠ ಮಾಡಿಸಿ, ಗೋಡೆಗೆ ನಾಲ್ಕು ಚಿತ್ರ ಅಂಟಿಸಿ ಎಂದು ಮಾಲೀಕರು ನನಗೆ ಹೇಳಿದರು. ಏನು ಗೊತ್ತಿಲ್ಲ ಎನ್ನುವುದನ್ನು ಮೊದಲು ನೋಡುತ್ತೇನೆ ಎಂದೆ. ಹೊಟ್ಟೆನೋವು ಎಂದ ಮಗುವಿಗೆ, ಏನು ತಿಂದೆ ಎಂದು ಕೇಳದೆ ನಾನೆಂದೂ ಓಮದ ನೀರು ಕುಡಿಸಿದವಳಲ್ಲ. ನೋಡಿ, ಆದರೆ ಯಂತ್ರ ನಿಲ್ಲಬಾರದು ಎಂದರು.

ಒಂದು ಗಿಡ್ಡ ಸ್ಟೂಲು ಹಾಕಿಕೊಂಡು ಯಂತ್ರಗಳ ನಡುವೆ ಕೂತೆ. ಕೆಲಸ ನೋಡುವುದಕ್ಕೆ ಸರಳ. ಕೈಯಿಂದ ತಗಡನ್ನು ಅಚ್ಚಿನೊಳಗಿಟ್ಟು, ಕೈ ತೆಗೆದು, ಕಾಲಿನಿಂದ ಪೆಡಲ್ ಒತ್ತಬೇಕು. ಮೇಲಿನ ಭಾರ ಧಡ್ ಎಂದು ಇಳಿದು ಮುಚ್ಚಳ ಕತ್ತರಿಸುತ್ತದೆ. ಒತ್ತುವ ಮೊದಲು ಏನು ಮಾಡಬೇಕೆಂದು ಒಬ್ಬೊಬ್ಬರನ್ನೇ ಕೇಳಿದೆ. ತೆಲುಗಿನವರು ತೆಲುಗಿನಲ್ಲಿ, ನಮ್ಮ ಕಡೆಯವರು ಕನ್ನಡದಲ್ಲಿ, ಎಲ್ಲರದೂ ಒಂದೇ ಉತ್ತರ: "ಕೈ ಹೊರಗ, ಆಮ್ಯಾಲ ಕಾಲು."

"ನಿದ್ದಿಯೊಳಗ ಎಬ್ಬಿಸಿ ಕೇಳ್ರಿ ಅಕ್ಕಾರ," ಎಂದ ಒಬ್ಬ. "ಹೆಂಡ್ತಿ ಹೆಸರು ಮರತೇನು, ಇದನ್ನ ಮರಿಯಂಗಿಲ್ಲ."

ಇಷ್ಟು ಬಲ್ಲವರಿಗೆ ನಾನು ಇನ್ನೇನು ಪಾಠ ಮಾಡಿಸಲಿ?

ಅವರಿಗೆಲ್ಲ ಕೆಲಸ ಕಲಿಸಿದವನು ಉಸ್ತಾದ, ಅವನೂ ರಾಯಚೂರು ಕಡೆಯವನೇ. ಹಳೆಯ ಸುತ್ತಿಗೆಯ ಹಿಡಿಯೊಂದನ್ನು ಹಿಡಿದುಕೊಂಡು ಎಲ್ಲರ ಬೆನ್ನ ಹಿಂದೆ ಓಡಾಡುತ್ತಿದ್ದ. ತಗಡು ಸೊಟ್ಟಗಾದರೆ ಬೆನ್ನಿಗೆ, ಮಾತಾಡಿದರೆ ಭುಜಕ್ಕೆ. ಹೆಂಗಸರು ಗಂಡಸರು ಎಂಬ ಭೇದವಿರಲಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದರಿಂದ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಅವರ ಕಾಲುಗಳು. ಒಬ್ಬನ ಭುಜಕ್ಕೆ ಏಟು ಬಿತ್ತು, ಪೆಡಲಿನ ಮೇಲಿದ್ದ ಅವನ ಪಾದ ತಾನಾಗಿ ಕೆಳಗೆ ಹೋಯಿತು. ಬರೀ ಅಚ್ಚಿನ ಮೇಲೆ ಭಾರ ಧಡ್ ಎಂದಿತು. ಮಧ್ಯಾಹ್ನ ಇನ್ನೊಬ್ಬನಿಗೂ ಹಾಗೆಯೇ ಆಯಿತು. ಆ ಗಳಿಗೆಯಲ್ಲಿ ಇಬ್ಬರ ಕೈಗಳೂ ಹೊರಗಿದ್ದವು, ಅಷ್ಟೇ.

ಸಂಜೆ ಬೆರಳು ಕಳೆದುಕೊಂಡವನ ಮನೆಗೆ ಹೋದೆ. "ಬೆರಳು ಹೋಗೂದಕ್ಕೂ ಮೊದಲ ಏನಾತು?" ಎಂದು ಕೇಳಿದೆ.

"ಹಿಂದಿಂದ ಏಟು ಬಿತ್ರಿ."

"ಮತ್ತ ಯಾರಿಗೂ ಹೇಳಲಿಲ್ಲಲ್ಲಪಾ?"

"ಏಟು ದಿನಾ ಬೀಳ್ತಾವ. ಅದನ್ನೇನ್ ಹೇಳೂದ್ರಿ?"

ಮರುದಿನ ಊಟದ ಹೊತ್ತಿನಲ್ಲಿ ಉಸ್ತಾದನಿಗೆ ನಾನು ಕಂಡದ್ದನ್ನು ಹೇಳಿದೆ. ಹಿಡಿಯಿಂದ ಮೇಜಿಗೆ ಬಡಿದ, ನೀರಿನ ಲೋಟ ಉರುಳಿತು.

"ಹಾಜರಿ ಹಾಕೂದು ನಿಮ್ಮ ಕೆಲಸ, ಹಾಕ್ರಿ. ಕಲಸೂದು ನಂದು. ನನ್ನ ಉಸ್ತಾದ ನನ್ನ ಬೆನ್ನ ತುಂಬ ಬಾಸುಂಡಿ ಎಬ್ಬಿಸ್ಯಾನ. ಅದಕ್ಕ ಹತ್ತೂ ಬೆರಳು ಉಳದಾವ, ನೋಡ್ರಿ!" ಎರಡೂ ಕೈಗಳನ್ನು ನನ್ನ ಮುಖಕ್ಕೆ ಹಿಡಿದ. ನಿಜ, ಹತ್ತೂ ಇದ್ದವು.

ಊಟ ಮುಗಿದು ಯಂತ್ರಗಳು ಮತ್ತೆ ಶುರುವಾದವು. ನಾನು ಬೆರಳು ಹೋದವನ ಹೆಂಡತಿಯ ಪಕ್ಕದಲ್ಲೇ ಕೂತಿದ್ದೆ. ಅವಳ ತಗಡು ಸೊಟ್ಟಗೆ ಕೂತಿತು, ಸರಿಮಾಡಲು ಮುಂಗೈವರೆಗೂ ಅಚ್ಚಿನೊಳಗೆ ಹಾಕಿದಳು. ಹಿಂದೆ ಉಸ್ತಾದ ಹಿಡಿ ಎತ್ತಿದ್ದ. ಕೂಗಲೆಂದು ಬಾಯಿ ತೆರೆದೆ, ಮುಚ್ಚಿದೆ. ಕೂಗಿದರೂ ಬೆಚ್ಚುವವಳು ಅವಳೇ. ಎದ್ದು ತೋಳು ಅಡ್ಡ ಹಿಡಿದೆ. ಏಟು ನನ್ನ ತೋಳಿಗೆ ಬಿತ್ತು, ಮೊಣಕೈ ಕೆಳಗೆ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಕುಸಿದು ಕೂತೆ. ಅವಳು ತಗಡು ಸರಿಮಾಡಿ, ಕೈ ತೆಗೆದು, ಪೆಡಲ್ ಒತ್ತಿ, ಮುಚ್ಚಳ ಬಿದ್ದ ಮೇಲಷ್ಟೇ ತಿರುಗಿ ನೋಡಿದಳು.

"ಹುಚ್ಚು ಗಿಚ್ಚು ಹಿಡದೈತೇನ್ರಿ? ಒದರಬೇಕಿಲ್ಲೋ!" ಎಂದ ಉಸ್ತಾದ.

"ಒದರಿದ್ರ ಅಕಿ ಕಾಲು ಎಲ್ಲಿ ಹೋಗ್ತಿತ್ತು?" ಎಂದೆ.

ಅವನು ಪೆಡಲನ್ನು ನೋಡಿದ. ಮೋಟರು ಬಂದ್ ಮಾಡಿ, ಯಂತ್ರದ ದೊಡ್ಡ ಗಾಲಿ ಪೂರ್ತಿ ನಿಲ್ಲುವ ತನಕ ಕಾದು, ಅವಳ ಜಾಗದಲ್ಲಿ ಕೂತ. ಕೈ ಅಚ್ಚಿನಲ್ಲಿ, ಕಾಲು ಪೆಡಲಿನ ಮೇಲೆ. ಹಿಡಿಯನ್ನು ಅವಳ ಕೈಗೆ ಕೊಟ್ಟ.

"ಹೊಡಿ."

"ಹೆಂಗ ಹೊಡೀಲ್ರಿ ನಿಮಗ?"

"ಗಂಡನ ಕೈ ನೆನಸ್ಕೋ. ಹೊಡಿ ಅಂದ್ನಲ್ಲ!"

ಹೊಡೆದಳು. ಪೆಡಲ್ ಟಕ್ ಎಂದಿತು. ಏಟು ಬರುತ್ತದೆಂದು ಗೊತ್ತಿದ್ದೂ ಅವನ ಕಾಲು ನಿಲ್ಲಲಿಲ್ಲ. "ಮತ್ತ," ಎಂದ. ಮತ್ತೆ ಟಕ್. ಮೂರನೆಯದಕ್ಕೆ ಅವಳು ಅವನ ಮಾತಿಗೆ ಕಾಯಲಿಲ್ಲ, ನಾಲ್ಕನೆಯದಕ್ಕೂ ಕಾಯಲಿಲ್ಲ. ಹಲ್ಲು ಕಚ್ಚಿ, ಎರಡೂ ಕೈಯಿಂದ, ಬಟ್ಟೆ ಒಗೆಯುವಂತೆ ಬಡಿದಳು. ಅವನ ಅಂಗಿ ಬೆನ್ನಿಗೆ ಅಂಟಿ ಕೆಂಪಾಯಿತು. ಬಿಡಿಸಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅವಳ ಕೈಯೇ ಸೋತಿತು.

ನನ್ನ ತೋಳಿಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದ ಮೇಲೆ, ಪಾಠ ಯಾರಿಗೆ ಎಂದು ಮಾಲೀಕರು ಕೇಳಿದರು. ಉಸ್ತಾದನೊಬ್ಬನಿಗೆ ಎಂದೆ. ನಕ್ಕರು, ಆಮೇಲೆ ಒಪ್ಪಿದರು. ಅವನು ಬಂದು, ಬೆನ್ನು ತಾಗಿಸದೆ ಕುರ್ಚಿಯ ತುದಿಯಲ್ಲಿ ಕೂತ.

"ಹೊಡೀಲಾರದ ಹೆಂಗ ಕಲಸ್ತಾರ್ರಿ ಅಕ್ಕಾರ? ನನಗಂತೂ ಯಾರೂ ತೋರಿಸಿಲ್ಲ."

ನನಗೂ ಪೂರ್ತಿ ತಿಳಿದಿರಲಿಲ್ಲ. ಮೊದಲು ಬೆನ್ನ ಹಿಂದಿನಿಂದಲ್ಲ, ಎದುರಿನಿಂದ ಬರುವುದನ್ನು ರೂಢಿ ಮಾಡೋಣ, ಮೋಟರು ನಿಲ್ಲಿಸಿಯೇ ಮಾತಾಡೋಣ ಎಂದೆ. ಹಾಗೆಯೇ ಶುರುವಾಯಿತು. ಆ ಹೆಂಗಸು ಮಾತ್ರ, ಅವನು ಬರಿಗೈಯಲ್ಲಿ ಎದುರಿನಿಂದ ಬಂದರೂ, ಎಷ್ಟೋ ದಿನ ಪೆಡಲಿನಿಂದ ಕಾಲು ಕಿತ್ತು ಹಿಂದೆ ಸರಿದು, ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ನಿಲ್ಲುತ್ತಿದ್ದಳು.